ಸಹಾಯ ಬೇಕು: ಗುಮ್ಮಟದ ದೆವ್ವಕ್ಕ ಸಿಆರ್ (ಚಾಲೆಂಜ್ ರೇಟಿಂಗ್, ಮಾನ್‌ಸ್ಟರ್ ಎಷ್ಟ್ ಗಟ್ಟಿ ಅನ್ನೂ ಅಂಕಿ) ಹೆಂಗ್ ಲೆಕ್ಕ ಹಾಕೂದು?

ನಮಸ್ಕಾರ್ರಿ ಎಲ್ಲಾರಿಗೂ. ವಿಜಯಪುರದಾಗ ನಾವು ಐದ್ ಮಂದಿ ಪ್ಲೇಯರ್ಸ್, ಡಿಎಂ, ಅಂದ್ರ ಆಟ ನಡಸೂದು ನಾನು, ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನ್ನೂ ದಾಳದ ಕತಿ-ಆಟ ಆಡ್ತೀವಿ, ಐದನೇ ಎಡಿಷನ್, 2014ರ ರೂಲ್ಸ್, ಎಲ್ಲಾರೂ ಲೆವೆಲ್ 5. ಅದೇ ಗಾಬ್ಲಿನ್ ಅದೇ ಡ್ರ್ಯಾಗನ್ ನೋಡಿ ಬ್ಯಾಸರ ಆಗಿ ನಮ್ಮ ಗೋಳಗುಮ್ಮಟದಂಥಾ ಜಾಗಾದಾಗ ಇರೂ ಒಂದ್ ದೆವ್ವ ಮಾಡಾಕತ್ತೀನಿ. ಅದಕ್ಕ ತನ್ನ ದನೀನ ಇಲ್ಲ, ನೀವ್ ಒದರಿದ ಸ್ಪೆಲ್ಲನ್ನ (ಮಂತ್ರಾನ) ಮ್ಯಾಲಿನ ಗ್ಯಾಲರಿ ಸುತ್ತ ತಿರುಗಿಸಿ ನಿಮ್ಮ ಮ್ಯಾಲೇ ವಾಪಸ್ ಬಿಡ್ತದ.

ಪುಸ್ತಕದ ಟೇಬಲ್ ನೋಡಿ ಸಿಆರ್ 5ಕ್ಕ ಆರ್ಮರ್ ಕ್ಲಾಸ್ (ಏಟು ತಾಗಾಕ ಎಷ್ಟ್ ಕಷ್ಟ ಅನ್ನೂದು) 15, ಹಿಟ್ ಪಾಯಿಂಟ್ (ಜೀವದ ಅಂಕಿ) 140 ಇಟ್ಟೆ. ಟ್ರಯಲ್ ಆಡಿದ್ರ ಅದಕ್ಕ ಒಂದ್ ಟರ್ನ್, ಇವರಿಗೆ ಐದು, ಸುತ್ತ ನಿಂತು ಬಡದು ಮುಗಿಸಿಬಿಟ್ರು. ಹಿಟ್ ಪಾಯಿಂಟ್ ಏರಿಸಿದ್ರ ಆಟ ಬರೇ ಜಗ್ತದ. ಸಣ್ಣ ದೆವ್ವ ಸೇರಿಸಿದ್ರ ಒಂದ್ ರೌಂಡ್ ಮುಗ್ಯೂದ್ರಾಗ ಚಹಾ ಆರಿ ಹೋಗ್ತದ. ರಿಯಾಕ್ಷನ್ (ಬ್ಯಾರೇವರು ಏನರ ಮಾಡಿದಾಗ ಕೊಡೂ ತಿರುಗೇಟು) ಅಂದ್ರ ರೌಂಡಿಗೆ ಒಂದೇ ಸಿಗ್ತದ, ಅದಕ್ಕ ಪ್ರತಿಧ್ವನಿಯನ್ನ ಲೆಜೆಂಡರಿ ಆಕ್ಷನ್ ಮಾಡೀನಿ, ರೌಂಡಿಗೆ ಮೂರು, ಬ್ಯಾರೇವರ ಟರ್ನ್ ಮುಗದ ಮ್ಯಾಲೆ.

ಸಿಕ್ಕೊಂಡಿದ್ದು ಇಲ್ಲೇ ನೋಡ್ರಿ. ಅಟ್ಯಾಕಿನ ಸಿಆರ್ ತೆಗ್ಯಾಕ ಮೊದಲ ಮೂರ್ ರೌಂಡಿನ ಡ್ಯಾಮೇಜ್ ಸರಾಸರಿ ಹಿಡೀಬೇಕು, ಆದ್ರ ಈ ದೆವ್ವದ ಡ್ಯಾಮೇಜ್ ಪ್ಲೇಯರ್ ಕೈಯಾಗ ಅದ. ವಿಝರ್ಡ್ ಫೈರ್‌ಬಾಲ್ ಒಗದ್ರ 8ಡಿ6 (ಆರು ಮುಖದ ಎಂಟು ದಾಳದ ಮೊತ್ತ) ಡ್ಯಾಮೇಜ್ ವಾಪಸ್, ಅವನ ಕತಿ ಮುಗೀತು, ಫೈಟರ್ ಸುಮ್ನ ಕತ್ತಿ ಬೀಸಿದ್ರ ಸೊನ್ನೆ. (ನಮ್ ವಿಝರ್ಡಂತೂ ಫೈರ್‌ಬಾಲ್ ಬಿಟ್ರ ಬ್ಯಾರೆ ಏನೂ ಒಗ್ಯಾಂಗಿಲ್ಲ.)

ಸಿಆರ್ ಲೆಕ್ಕಕ್ಕ ಫೈರ್‌ಬಾಲನ್ನೇ ಹಿಡೀಲೋ, ಇಲ್ಲಾ ವಾಪಸ್ ಬರೂ ಡ್ಯಾಮೇಜಿಗೆ 4ಡಿ6 ಅಂತ ಮಿತಿ ಹಾಕಿ ಅದನ್ನ ಹಿಡೀಲೋ? ಇಂಥಾ ಮಾನ್‌ಸ್ಟರ್ ಮಾಡಿ ಆಡಿಸಿದವರು ಯಾರರ ಇದ್ರ ಹೇಳ್ರಿ.