ಅವ್ವನ ಪಾದ ತೋರಿಸಲು ಮೊದಲ ಸಲ ಹೊರಟಿದ್ದೇವೆ, ಅಲ್ಲಿ ಏನೇನು ಮಾಡ್ತಾರೆ?

ಪ್ರಶ್ನೆ (ಜಮಖಂಡಿ ಹತ್ತಿರದ ಹಳ್ಳಿಯಿಂದ):
ಡಾಕ್ಟರ್ ಅಕ್ಕಾರಿಗೆ ನಮಸ್ಕಾರ. ನಮ್ಮ ಅವ್ವನಿಗೆ 61 ವರ್ಷ, ಶುಗರ್ ಬಂದು 12 ವರ್ಷ ಆಯಿತು. ಎಡ ಅಂಗಾಲಿನಲ್ಲಿ, ಹೆಬ್ಬೆರಳಿನ ಬುಡಕ್ಕೆ, ಒಂದು ಆಣಿ ಗಟ್ಟಿಯಾಗಿ ಕೂತಿದೆ. ನೋವಿಲ್ಲ ಅನ್ನುತ್ತಾಳೆ. ಶುಗರ್ ಡಾಕ್ಟರು ಪಾದದ ಡಾಕ್ಟರಿಗೆ ತೋರಿಸಿ ಎಂದು ಬೆಳಗಾವಿಗೆ ಚೀಟಿ ಬರೆದುಕೊಟ್ಟಿದ್ದಾರೆ. ಗುರುವಾರ ಹೋಗಬೇಕು. ಅವ್ವ ಎರಡು ದಿನದಿಂದ ಸರಿಯಾಗಿ ಉಂಡಿಲ್ಲ. "ಕಾಲ ಕೊಯ್ತಾರೇನವಾ?" ಅಂತ ಒಂದೇ ಮಾತು. ಅಲ್ಲಿ ಏನು ಮಾಡ್ತಾರೆ? ನೋವಾಗುತ್ತಾ? ಹೋಗುವ ಮುಂಚೆ ಆಣಿ ಕೆರೆದು, ಉಗುರು ತೆಗೆದು ಕರೆದುಕೊಂಡು ಹೋಗಲಾ?

ಉತ್ತರ (ಪಾದದ ಡಾಕ್ಟರ್, ಬೆಳಗಾವಿ):
ತಂಗಿ, ಮೊದಲು ಅವ್ವನಿಗೆ ಊಟ ಮಾಡಿಸಿ. ಮೊದಲ ಭೇಟಿಯಲ್ಲಿ ಹೆಚ್ಚಿನ ಕೆಲಸ ನೋಡುವುದು, ಮುಟ್ಟುವುದು, ಕೇಳುವುದು, ಅಷ್ಟೇ. ಕಾಲು ಉಳಿಸುವುದಕ್ಕೇ ನಾವು ಕೂತಿರುವುದು. ತಡವಾಗಿ ಬಂದವರ ಕಥೆಗಳು ಮಾತ್ರ ಊರೆಲ್ಲ ತಿರುಗುತ್ತವೆ, ಅದಕ್ಕೇ ಈ ಹೆದರಿಕೆ.

ಆಣಿಯನ್ನು ಮನೆಯಲ್ಲಿ ಮುಟ್ಟಲೇಬೇಡಿ. ಬ್ಲೇಡು ಬೇಡ, ಅಂಗಡಿಯಲ್ಲಿ ಸಿಗುವ ಆಣಿ ಪಟ್ಟಿಯೂ ಬೇಡ. ಆ ಪಟ್ಟಿಯಲ್ಲಿ ಸ್ಯಾಲಿಸಿಲಿಕ್ ಆ್ಯಸಿಡ್ ಇರುತ್ತದೆ. ಅದಕ್ಕೆ ಆಣಿ ಯಾವುದು, ಒಳ್ಳೆಯ ಚರ್ಮ ಯಾವುದು ಗೊತ್ತಾಗುವುದಿಲ್ಲ. ಶುಗರ್ ಇರುವವರ ಕಾಲಿನಲ್ಲಿ ಅದು ಸುಟ್ಟು ಹುಣ್ಣಾಗಬಹುದು. ಉಗುರೂ ಹಾಗೇ ಇರಲಿ. ಹೇಗೆ ಬೆಳೆದಿದೆ ಅನ್ನುವುದೂ ನಮಗೆ ಬೇಕು. ಕಾಲಿಗೆ ಮದರಂಗಿ, ನೇಲ್ ಪಾಲಿಶ್ ಹಚ್ಚಬೇಡಿ, ಚರ್ಮದ ಬಣ್ಣ ಮುಚ್ಚಿ ಹೋಗುತ್ತದೆ. ಮಾತ್ರೆ, ಇನ್ಸುಲಿನ್, ಊಟ ಎಲ್ಲ ದಿನದಂತೆಯೇ ಇರಲಿ.

ಹಳೆಯ ಚೀಟಿಗಳು, ಮೂರು ತಿಂಗಳ ಶುಗರ್ ರಿಪೋರ್ಟು, ಮಾತ್ರೆಗಳ ಪಟ್ಟಿ ತನ್ನಿ. ಅವ್ವ ಹೊಲಕ್ಕೆ ಹಾಕಿಕೊಂಡು ಹೋಗುವ ಚಪ್ಪಲಿಯನ್ನೂ ಚೀಲದಲ್ಲಿ ಹಾಕಿಕೊಳ್ಳಿ. ಆಸ್ಪತ್ರೆಗೆ ಅಂತ ಎಲ್ಲರೂ ಹೊಸ ಚಪ್ಪಲಿ ಹಾಕಿಕೊಂಡೇ ಬರುತ್ತಾರೆ. ನಮಗೆ ಬೇಕಾದದ್ದು ಹಳೆಯದು. ಎಲ್ಲಿ ಸವೆದಿದೆ ನೋಡಿದರೆ ಭಾರ ಎಲ್ಲಿ ಬೀಳುತ್ತದೆ ತಿಳಿಯುತ್ತದೆ. ಒಮ್ಮೆ ಒಬ್ಬ ಅಜ್ಜನ ಚಪ್ಪಲಿಯೊಳಗೆ ಕೈ ಆಡಿಸಿದೆ, ಬೆರಳಿಗೆ ಚುಚ್ಚಿತು. ಜಾಲಿಮುಳ್ಳು, ಅಟ್ಟೆ ದಾಟಿ ಮೇಲೆ ಬಂದಿತ್ತು. ಎಷ್ಟು ದಿನದಿಂದ ತುಳಿಯುತ್ತಿದ್ದರೋ, ಅವರಿಗೆ ಗೊತ್ತೇ ಇರಲಿಲ್ಲ.

ಅದಕ್ಕೇ ಅವ್ವ "ನೋವಿಲ್ಲ" ಅಂದದ್ದು ನನಗೆ ಸಮಾಧಾನದ ಮಾತಾಗಿ ಕೇಳಲಿಲ್ಲ. ಅಷ್ಟು ಗಟ್ಟಿ ಆಣಿ ನೋಯಬೇಕಿತ್ತು, ಅಲ್ವಾ?

ಅದನ್ನು ತಿಳಿಯಲು ಒಂದು ದಾರದ ಪರೀಕ್ಷೆ ಇದೆ. ಮೀನಿನ ಗಾಳದ ದಾರದಂಥ ನೈಲಾನ್ ಎಳೆ, ಒಂದು ಹಿಡಿಕೆಗೆ ಸಿಕ್ಕಿಸಿರುತ್ತದೆ. ಮೊದಲು ಕೈಗೆ ಮುಟ್ಟಿಸಿ "ಹೀಗಿರುತ್ತದೆ" ಎಂದು ತೋರಿಸುತ್ತೇವೆ. ಆಮೇಲೆ ಅವ್ವ ಕಣ್ಣು ಮುಚ್ಚಬೇಕು. ಎಳೆ ಬಾಗುವ ತನಕ ಅಂಗಾಲಿಗೆ ಒತ್ತುತ್ತೇವೆ. 10 ಗ್ರಾಂ ಒತ್ತಡಕ್ಕೆ ಅದು ಬಾಗುತ್ತದೆ. ಮುಟ್ಟಿದ್ದು ಗೊತ್ತಾದಾಗ "ಹೂಂ" ಅನ್ನಬೇಕು. ಚುಚ್ಚುವುದಿಲ್ಲ. ಕೆಲವರು ಸುಮ್ನೆ ಅಂದಾಜಿನ ಮೇಲೆ ಹೂಂ ಅನ್ನುತ್ತಾರೆ, ಪರೀಕ್ಷೆಯಲ್ಲಿ ಫೇಲಾದ ಹಾಗೆ ಅನಿಸುತ್ತದೋ ಏನೋ. ಹಾಗಾಗಿ ನಡುನಡುವೆ ಮುಟ್ಟದೆಯೂ ಕೇಳುತ್ತೇವೆ! ನೀವು ಪಕ್ಕದಲ್ಲಿ ಕೂತು ಸನ್ನೆ ಮಾಡಬೇಡಿ. ಇದಾದ ಮೇಲೆ 128 ಹರ್ಟ್ಸ್‌ನ ಟ್ಯೂನಿಂಗ್ ಫೋರ್ಕ್ ಹೆಬ್ಬೆರಳ ಎಲುಬಿನ ಮೇಲಿಟ್ಟು ಅದರ ನಡುಕ ತಿಳಿಯುತ್ತದಾ ಎಂದು ಕೇಳುತ್ತಾರೆ.

ಪಾದದ ಮೇಲೆ ಮತ್ತು ಒಳಗಿನ ಗಿಣ್ಣಿನ ಹಿಂದೆ ಬೆರಳಿಟ್ಟು ನಾಡಿ ಹುಡುಕುತ್ತಾರೆ. ಸಿಗದಿದ್ದರೆ ಕಾಲಿನ ಬಿಪಿ, ತೋಳಿನ ಬಿಪಿ ಎರಡನ್ನೂ ಅಳೆಯುತ್ತಾರೆ. ಕಾಲಿನದನ್ನು ತೋಳಿನದರಿಂದ ಭಾಗಿಸಿದಾಗ 0.9ಕ್ಕಿಂತ ಕಡಿಮೆ ಬಂದರೆ ರಕ್ತನಾಳ ಕಿರಿದಾಗಿರುವ ಸೂಚನೆ. ಶುಗರ್ ಇರುವವರಲ್ಲಿ ನಾಳ ಗಡುಸಾಗಿ ಲೆಕ್ಕ ಜಾಸ್ತಿ ಬರುವುದೂ ಉಂಟು. ಆಗ ಬೇರೆ ಪರೀಕ್ಷೆ ಬೇಕು.

ರಕ್ತ ಓಡಾಟ ಸರಿ ಇದ್ದರೆ ಬಹುಶಃ ಅಂದೇ ಆಣಿಯನ್ನು ತೆಳ್ಳಗೆ ಹೆರೆಯುತ್ತಾರೆ. ಅದು ಸತ್ತ ಚರ್ಮ, ಸಾಮಾನ್ಯವಾಗಿ ನೋಯುವುದಿಲ್ಲ. ಒಳಗೆ ಕಪ್ಪು ಕಲೆ ಕಂಡರೆ ಕೆಳಗೆ ರಕ್ತ ಹೆಪ್ಪುಗಟ್ಟಿರಬಹುದು, ಹುಣ್ಣೂ ಇರಬಹುದು. ಮೇಲೆ ಮುಚ್ಚಳ, ಕೆಳಗೆ ಗಾಯ. ಇಂಥದ್ದನ್ನು ಹುಡುಕುವುದಕ್ಕೇ ಈ ಭೇಟಿ.

ಗುರುವಾರದೊಳಗೆ ಕಾಲು ಕೆಂಪಾಗಿ ಬಿಸಿಯಾಗಿ ಊದಿದರೆ, ಕೀವು ಬಂದರೆ, ಬೆರಳು ಕಪ್ಪಾದರೆ, ಜ್ವರ ಬಂದರೆ ಕಾಯಬೇಡಿ. ಅಂದೇ ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗಿ.

ಇನ್ನೊಬ್ಬರು (ಅಥಣಿ ಕಡೆಯಿಂದ):
ಮೇಡಂ, ನಡುವೆ ಬಾಯಿ ಹಾಕುತ್ತಿದ್ದೇನೆ. ನನಗೂ ಶುಗರ್ ಇದೆ. ಹುಟ್ಟಿದಾಗಿನಿಂದ ಕೊಲ್ಹಾಪುರಿ ಚಪ್ಪಲಿಯೇ. ಬಿಡು ಅಂತೀರಾ?

ಉತ್ತರ:
ಅಣ್ಣಾ, ಅಥಣಿಯವರಿಗೆ ಇದನ್ನು ಹೇಳಲು ನನಗೂ ಕಷ್ಟವೇ. ಕೊಲ್ಹಾಪುರಿಯ ಜಿಐ (ಯಾವ ಸೀಮೆಯ ವಸ್ತು ಎಂಬ ಸರ್ಕಾರಿ ಗುರುತು) ಪಟ್ಟಿಯಲ್ಲಿ ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಇವೆ, ಅದು ನಮ್ಮದೇ ಚಪ್ಪಲಿ. ಸ್ಪರ್ಶ ಚೆನ್ನಾಗಿದ್ದರೆ ಹಾಕಿಕೊಳ್ಳಿ. ಸ್ಪರ್ಶ ಹೋಗಿದ್ದರೆ ಬೇಡ. ಅಟ್ಟೆ ಗಟ್ಟಿ, ಹೆಬ್ಬೆರಳಿನ ಉಂಗುರ ಉಜ್ಜುತ್ತದೆ, ಹಿಂದೆ ಪಟ್ಟಿ ಇಲ್ಲ, ಕಾಲಿನಿಂದ ಜಾರಿ ಬಿದ್ದದ್ದೂ ಗೊತ್ತಾಗುವುದಿಲ್ಲ. ಎಂಸಿಆರ್ ಎಂಬ ಮೆತ್ತನೆಯ ರಬ್ಬರಿನ, ಹಿಂದೆ ಪಟ್ಟಿ ಇರುವ ಚಪ್ಪಲಿ ಕೇಳಿ. ನೋಡಲು ಚೆಂದ ಇಲ್ಲ, ಒಪ್ಪುತ್ತೇನೆ.

ಅವರೇ:
ಯುಗಾದಿಗೆ ಶ್ರೀಶೈಲ ಪಾದಯಾತ್ರೆ?

ಉತ್ತರ:
ಮೊದಲು ದಾರದ ಪರೀಕ್ಷೆ ಮಾಡಿಸಿ, ಆಮೇಲೆ ಮಾತಾಡೋಣ. ಸ್ಪರ್ಶವಿಲ್ಲದ ಕಾಲಿನಲ್ಲಿ, ಆ ಬಿಸಿಲಲ್ಲಿ, ಬರಿಗಾಲಲ್ಲಿ ಮಾತ್ರ ಖಂಡಿತ ಬೇಡ. ಡಾಂಬರು ಸುಟ್ಟು ಬೊಬ್ಬೆ ಎದ್ದರೂ ಕಾಲು ನಿಮಗೆ ಹೇಳುವುದಿಲ್ಲ. ಮಲ್ಲಯ್ಯ ಬಸ್ಸಿನಲ್ಲಿ ಹೋದವರಿಗೂ ದರ್ಶನ ಕೊಡುತ್ತಾನೆ.

ಮೊದಲು ಕೇಳಿದವರು (ಶುಕ್ರವಾರ):
ಅಕ್ಕಾ, ಹೋಗಿಬಂದೆವು. ಮುಕ್ಕಾಲು ತಾಸು ಹಿಡಿಯಿತು. ಎಡಗಾಲಿನಲ್ಲಿ ಮೂರು ಕಡೆ ದಾರ ಮುಟ್ಟಿದ್ದು ಅವ್ವನಿಗೆ ತಿಳಿಯಲಿಲ್ಲ. ನಾಡಿ ಚೆನ್ನಾಗಿದೆಯಂತೆ. ಆಣಿ ಹೆರೆದರು, ಕೆಳಗೆ ಹುಣ್ಣಿಲ್ಲ. ಅವ್ವ ಅವರ ಜೊತೆ ಹರಟೆ ಹೊಡೆಯುತ್ತಾ ಕೂತಿದ್ದಳು! ಜಗಳ ಆದದ್ದು ಕಾಲುಂಗುರಕ್ಕೆ. ತೆಗೆಯಿರಿ ಅಂದರು, ಇವಳು ಒಲ್ಲೆ ಅಂದಳು. ಕೊನೆಗೆ ಸಿಸ್ಟರ್ ಸಾಬೂನು ಹಚ್ಚಿ ಮೆಲ್ಲಗೆ ಅಗಲಿಸಿ ತೆಗೆದರು. ಕೆಳಗೆ ಚರ್ಮ ಬೆಳ್ಳಗೆ ನೆನೆದ ಹಾಗೆ ಆಗಿ ಸೀಳಿತ್ತು. ಆರು ತಿಂಗಳಿಗೆ ಮತ್ತೆ ಬನ್ನಿ ಅಂದಿದ್ದಾರೆ. ಈಗ ಅವ್ವನ ಪ್ರಶ್ನೆ ಒಂದೇ: ಉಂಗುರ ಯಾವಾಗ ಹಾಕಿಕೊಳ್ಳಲಿ? ಅಪ್ಪ ಗಟ್ಟಿಮುಟ್ಟಾಗಿರುವಾಗ ಬರಿಬೆರಳಲ್ಲಿ ಇರಲಾರೆ ಅನ್ನುತ್ತಾಳೆ.

ಉತ್ತರ:
ಆ ಸೀಳು ಪೂರ್ತಿ ಒಣಗುವ ತನಕ ಬೇಡ. ದಿನಾ ಸ್ನಾನ ಆದ ಮೇಲೆ ಬೆರಳ ಸಂದು ಒರೆಸಿ ಒಣಗಿಸಿ. ಎಣ್ಣೆ, ಕ್ರೀಮು ಹಿಮ್ಮಡಿಗೆ ಮಾತ್ರ, ಸಂದಿಗೆ ಬೇಡ. ಒಣಗಿದ ಮೇಲೆ ಸಡಿಲವಾದದ್ದು, ರಾತ್ರಿ ತೆಗೆದಿಡುವಂಥದ್ದು ಹಾಕಿಕೊಳ್ಳಲಿ. ಅಲ್ಲಿಯವರೆಗೆ ಆ ಉಂಗುರಗಳನ್ನು ಅಪ್ಪನ ಕೈಗೇ ಕೊಟ್ಟಿಡಿ.