ಕುಂಡದ ಕಾಫಿ ಗಿಡದ ಎಲೆ ತುದಿ ಒಣಗುತ್ತಿದೆ, ಏನು ಮಾಡಲಿ?

ಪ್ರಶ್ನೆ:
ಕಿಟಕಿ ಪಕ್ಕ ಒಂದು ಅರೇಬಿಕಾ ಗಿಡ ಇಟ್ಟಿದ್ದೇನೆ, ಮೊಣಕಾಲೆತ್ತರ ಇದೆ. ಈಚೆಗೆ ಎಲೆಗಳ ತುದಿ ಕಂದಾಗಿ ಒಣಗುತ್ತಿದೆ, ಕೆಳಗಿನ ಕೆಲವು ಎಲೆ ಹಳದಿಯಾಗಿ ಉದುರಿದವು. ದಿನಾ ನೀರು ಹಾಕುತ್ತೇನೆ, ಮಧ್ಯಾಹ್ನದವರೆಗೂ ನೇರ ಬಿಸಿಲು ಬೀಳುತ್ತದೆ. ನೀರು ಸಾಲ್ತಿಲ್ವಾ? ಗೊಬ್ಬರ ಹಾಕಲಾ? ಕಾಯಿ ಬಿಡೋಕೆ ಎಷ್ಟು ವರ್ಷ ಬೇಕು?

ಉತ್ತರ 1:
ದಯವಿಟ್ಟು ಈಗ ಗೊಬ್ಬರ ಹಾಕಬೇಡಿ, ದಿನಾ ನೀರು ಹಾಕುವುದನ್ನೂ ನಿಲ್ಲಿಸಿ. ಮಣ್ಣಿಗೆ ಬೆರಳು ಚುಚ್ಚಿ ನೋಡಿ, ಮೇಲಿನ ಒಂದು ಇಂಚು ಒಣಗಿದ್ದರೆ ಮಾತ್ರ ನೀರು, ಆಗ ತಳದ ತೂತಿನಿಂದ ಹರಿಯುವಷ್ಟು ಹಾಕಿ, ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿ. ಬೇರು ಸದಾ ಒದ್ದೆಯಲ್ಲಿದ್ದರೆ ಉಸಿರಾಡಲಾಗದೆ ಕೊಳೆಯುತ್ತದೆ. ಕೊಳೆತ ಬೇರು ನೀರು ಎಳೆಯುವುದಿಲ್ಲ, ಹಾಗಾಗಿ ಗಿಡ ಬಾಯಾರಿದ ಹಾಗೆಯೇ ಕಾಣುತ್ತದೆ, ನಾವು ಇನ್ನಷ್ಟು ಸುರಿಯುತ್ತೇವೆ. ಕೆಳಗಿನ ಎಲೆ ಹಳದಿಯಾಗಿ ಉದುರುತ್ತಿದೆ ಅಂದರೆ ನನಗೆ ಮೊದಲು ಅನುಮಾನ ಬರುವುದು ಇದರ ಮೇಲೇ.

ಉತ್ತರ 2:
ಮೇಲಿನವರ ಮಾತು ಸರಿ, ಆದರೆ ತುದಿ ಮಾತ್ರ ಸುಡುತ್ತಿದ್ದರೆ ನೀರಿನ ಗುಣವನ್ನೂ ನೋಡಬೇಕು. ಗಡಸು ನೀರಿನ ಉಪ್ಪು ಕುಂಡದಲ್ಲೇ ಉಳಿದು ಎಲೆ ತುದಿಯನ್ನು ಒಣಗಿಸುತ್ತದೆ. ಮಣ್ಣಿನ ಮೇಲೆ ಬಿಳಿ ಪದರ ಇದೆಯಾ ನೋಡಿ. ಇದ್ದರೆ ಮಳೆ ನೀರು ಹಿಡಿದು ಹಾಕಿ. ಕಾಫಿಗೆ ಸ್ವಲ್ಪ ಹುಳಿ ಮಣ್ಣೇ ಇಷ್ಟ, ಪಿಎಚ್ (ಹುಳಿ ಹೆಚ್ಚಿದಷ್ಟೂ ಇಳಿಯುವ ಅಳತೆ) 6ರ ಆಸುಪಾಸು. ಗಡಸು ನೀರಿನಿಂದ ಅದು ಏರಿದರೆ ಕಬ್ಬಿಣದಂಶ ಸಿಗದೆ ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿಯುತ್ತದೆ. ಮನೆಯೊಳಗಿನ ಒಣ ಗಾಳಿಯೂ ತುದಿ ಒಣಗಲು ಕಾರಣ. ಇನ್ನು ಬಿಸಿಲು: ಇದು ಕಾಡಿನಲ್ಲಿ ದೊಡ್ಡ ಮರಗಳ ಕೆಳಗೆ ಬೆಳೆದ ಗಿಡ, ಅಲ್ವಾ? ಬೆಳಕು ಚೆನ್ನಾಗಿರಲಿ, ಆದರೆ ತೆಳು ಪರದೆಯೊಂದು ಅಡ್ಡ ಇರಲಿ.

ಪ್ರಶ್ನೆ ಕೇಳಿದವರು:
ಥ್ಯಾಂಕ್ಸ್! ಬಿಳಿ ಪದರ ಇದೆ, ಮಣ್ಣೂ ಹಸಿಯಾಗಿಯೇ ಇದೆ. ಇನ್ನೊಂದು ವಿಷಯ, ಹತ್ತಿರದಿಂದ ನೋಡಿದರೆ ಒಂದೇ ಕುಂಡದಲ್ಲಿ ನಾಲ್ಕು ಸಸಿಗಳಿವೆ. ಹಾಗೇ ಬಿಡಬಹುದಾ?

ಉತ್ತರ 3:
ಬಿಡಬೇಡಿ. ಪೊದೆಯಾಗಿ ಕಾಣಲಿ ಅಂತ ಹಾಗೆ ಒಟ್ಟಿಗೆ ನೆಟ್ಟು ಮಾರುತ್ತಾರೆ, ಬೆಳೆಯುತ್ತಾ ಬೇರಿಗೆ ಜಾಗ ಸಾಲುವುದಿಲ್ಲ. ಹೊಸ ಚಿಗುರು ಬರುವ ಕಾಲದಲ್ಲಿ ನಿಧಾನವಾಗಿ ಬಿಡಿಸಿ, ತಾಯಿಬೇರು ಮುರಿಯದ ಹಾಗೆ, ಆಳವಿರುವ ಬೇರೆ ಬೇರೆ ಕುಂಡಕ್ಕೆ ಹಾಕಿ. ಬೇರು ಕಪ್ಪಾಗಿ ಮೆತ್ತಗಾಗಿದ್ದರೆ ಕಾಯಬೇಡಿ, ಈಗಲೇ ಆ ಭಾಗ ಕತ್ತರಿಸಿ ಮಣ್ಣು ಬದಲಿಸಿ.

ಹೂವಿಗೆ ಸಾಮಾನ್ಯವಾಗಿ 3-4 ವರ್ಷ ಬೇಕು, ಕುಂಡದಲ್ಲಿ ಇನ್ನೂ ತಡವಾಗಬಹುದು. ಅರೇಬಿಕಾ ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ, ಒಂದೇ ಗಿಡ ಸಾಕು. ಕಾಫಿಯ ಇನ್ನೊಂದು ಜಾತಿಯಾದ ರೊಬಸ್ಟಾಗೆ ಮಾತ್ರ ಇನ್ನೊಂದು ಗಿಡ ಜೊತೆಗಿರಬೇಕು. ಮೊಗ್ಗು ಬಂದು ಸುಮ್ನೆ ನಿಂತಿದ್ದರೆ ಕೆಲವು ವಾರ ನೀರು ಕಡಿಮೆ ಮಾಡಿ, ಆಮೇಲೆ ಒಮ್ಮೆ ಚೆನ್ನಾಗಿ ಕೊಡಿ. ಒಣ ಹವೆಯ ನಂತರ ಮಳೆ ಬಿದ್ದಾಗಲೇ ಅದು ಅರಳುವುದು. ಕಾಯಿ ಹಣ್ಣಾಗಲು ಮತ್ತೆ ಏಳೆಂಟು ತಿಂಗಳು. ಎಲೆ ಬುಡದಲ್ಲಿ ಹತ್ತಿಯಂಥ ಬಿಳಿ ಕೀಟ ಕಂಡರೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಬೇವಿನ ಎಣ್ಣೆ ಸಿಂಪಡಿಸಿ. ಮನೆಯಲ್ಲಿ ನಾಯಿ ಬೆಕ್ಕು ಇದ್ದರೆ ಗಿಡ ಎತ್ತರದಲ್ಲಿಡಿ, ಕೆಫೀನ್ ಅವುಗಳಿಗೆ ವಿಷ.