ಮೊದಲ ಸಲ ಸ್ನೋಮೊಬೈಲ್ ಓಡಿಸುವವರಿಗೆ ಹಿಮದ ಹಾದಿಯ ರೀತಿ-ನೀತಿ: ಅನುಭವಸ್ಥರ ಸಲಹೆ ಬೇಕು

ಪ್ರಶ್ನೆ (ಮಿನಿಯಾಪೊಲಿಸ್‌ನಿಂದ)

ಎಲ್ಲರಿಗೂ ನಮಸ್ಕಾರ. ಜನವರಿ ಕೊನೆಯ ವಾರಾಂತ್ಯದಲ್ಲಿ ನಾವು ಎರಡು ಕುಟುಂಬದವರು ಸುಪೀರಿಯರ್ ಸರೋವರದ ಉತ್ತರ ದಂಡೆಗೆ ಹೋಗಿ, ಬಾಡಿಗೆಗೆ ಸ್ನೋಮೊಬೈಲ್ (ಹಿಮದ ಮೇಲೆ ಓಡುವ ಮೋಟಾರು ಗಾಡಿ) ಪಡೆದು ನಾರ್ತ್ ಶೋರ್ ಸ್ಟೇಟ್ ಟ್ರೇಲ್‌ನಲ್ಲಿ ಒಂದು ದಿನ ಸುತ್ತಾಡಬೇಕೆಂದಿದ್ದೇವೆ. ಊರಿನಲ್ಲಿ ಬೈಕ್ ಓಡಿಸಿದ ಅಭ್ಯಾಸ ನಮ್ಮಲ್ಲಿ ಮೂವರಿಗೆ ಇದೆ, ಆದರೆ ಸ್ನೋಮೊಬೈಲ್ ಮೇಲೆ ಇದುವರೆಗೆ ಯಾರೂ ಕುಳಿತಿಲ್ಲ. ಹದಿಮೂರು ವರ್ಷದ ಮಗನೂ ಜೊತೆಗಿರುತ್ತಾನೆ. ಯಂತ್ರ ಚಾಲೂ ಮಾಡುವುದನ್ನು ಬಾಡಿಗೆ ಕೊಡುವವರು ತೋರಿಸಿಕೊಡುತ್ತಾರಂತೆ. ಹಾದಿಯಲ್ಲಿ ಇತರರೊಡನೆ ಹೇಗೆ ನಡೆದುಕೊಳ್ಳಬೇಕು, ಯಾವುದಕ್ಕೆ ಹೆದರಬೇಕು ಎಂಬುದನ್ನು ತಿಳಿದವರು ಹೇಳಿದರೆ ಉಪಕಾರವಾಗುತ್ತದೆ.

ಉತ್ತರ (ಡುಲೂತ್‌ನಿಂದ)

ಮೊದಲು ಕಾನೂನಿನ ಮಾತು. 1976ರ ಡಿಸೆಂಬರ್ 31ರ ನಂತರ ಹುಟ್ಟಿದವರು ಮಿನ್ನೆಸೋಟದಲ್ಲಿ ಸ್ನೋಮೊಬೈಲ್ ಓಡಿಸಬೇಕಾದರೆ ಸುರಕ್ಷತಾ ತರಬೇತಿಯ ಪ್ರಮಾಣಪತ್ರ ಇರಲೇಬೇಕು. ದೊಡ್ಡವರು ಇದನ್ನು ಮನೆಯಲ್ಲೇ ಕುಳಿತು ಆನ್‌ಲೈನ್‌ನಲ್ಲಿ ಮುಗಿಸಬಹುದು. ಹೊರಡುವ ಹಿಂದಿನ ರಾತ್ರಿಗೆ ಅದನ್ನು ಉಳಿಸಿಕೊಳ್ಳಬೇಡಿ, ಏಕೆಂದರೆ ಅದರಲ್ಲಿರುವ ಪಾಠ ನಿಜಕ್ಕೂ ಕೆಲಸಕ್ಕೆ ಬರುತ್ತದೆ.

ಬೈಕಿನ ಅಭ್ಯಾಸವನ್ನು ನೆಚ್ಚಿಕೊಳ್ಳಬೇಡಿ ಎಂಬುದು ನನ್ನ ಎರಡನೆಯ ಮಾತು. ಬೈಕಿನಲ್ಲಿ ಮಣಿಕಟ್ಟು ತಿರುಗಿಸಿ ವೇಗ ಕೊಡುತ್ತೇವೆ. ಇಲ್ಲಿ ಬಲಗೈಯ ಹೆಬ್ಬೆರಳಿನಿಂದ ಒಂದು ಸಣ್ಣ ಲಿವರ್ ಒತ್ತಬೇಕು. ಹೊಸಬರು ಗಾಬರಿಯಾದಾಗ ಹ್ಯಾಂಡಲನ್ನು ಬಿಗಿಯಾಗಿ ಹಿಡಿಯುತ್ತಾರೆ, ಹಿಡಿತದ ಜೊತೆಗೆ ಹೆಬ್ಬೆರಳೂ ಬಿಗಿಯಾಗುತ್ತದೆ, ನಿಲ್ಲಬೇಕಾದ ಗಾಡಿ ಮರದ ಕಡೆಗೆ ನೆಗೆಯುತ್ತದೆ. ಹೊರಡುವ ಮೊದಲು ಬಯಲಿನಲ್ಲಿ ನಿಧಾನವಾಗಿ ಸುತ್ತು ಹೊಡೆಯುತ್ತ, ಹೆಬ್ಬೆರಳನ್ನು ತಟ್ಟನೆ ಬಿಟ್ಟು ಎಡಗೈಯ ಬ್ರೇಕ್ ಹಿಡಿಯುವುದನ್ನು ಕೈಗೆ ರೂಢಿಯಾಗುವವರೆಗೆ ಮಾಡಿ. ಬ್ರೇಕ್ ಹಿಡಿದಾಗ ನಿಲ್ಲುವುದು ಹಿಂದಿನ ಟ್ರ್ಯಾಕ್, ಅಂದರೆ ಗಾಡಿಯನ್ನು ಮುಂದಕ್ಕೆ ತಳ್ಳುವ ರಬ್ಬರ್ ಪಟ್ಟಿ, ಮಾತ್ರ. ತಿರುವಿನ ನಡುವೆ ಅದನ್ನು ಜೋರಾಗಿ ಹಿಡಿದರೆ ಮುಂದಿನ ಸ್ಕೀಗಳು (ಜಾರುಪಟ್ಟಿಗಳು) ತಿರುಗಿಸಿದ ಕಡೆಗೆ ಹೋಗದೆ ಗಾಡಿ ನೇರಕ್ಕೆ ಜಾರುತ್ತದೆ. ಆದ್ದರಿಂದ ತಿರುವಿಗೆ ಮುಂಚೆಯೇ ವೇಗ ಇಳಿಸಿ, ತಿರುವಿನೊಳಗೆ ಹದವಾಗಿ ವೇಗ ಕೊಡುತ್ತ ದಾಟಬೇಕು.

ಇನ್ನು ಹಾದಿಯ ರೀತಿ. ನೀವು ಹೋಗಲಿರುವ ಟ್ರೇಲ್ ಡುಲೂತ್‌ನಿಂದ ಗ್ರ್ಯಾಂಡ್ ಮರೈವರೆಗೆ 146 ಮೈಲಿ, ಬಹುಪಾಲು ಕಾಡಿನ ಏರಿಳಿತದ ನಡುವೆ ಸಾಗುತ್ತದೆ, ಮತ್ತು ಅದು ಎರಡೂ ದಿಕ್ಕಿನ ಸಂಚಾರವಿರುವ ಹಾದಿ. ಬಲಬದಿಗೆ ಅಂಟಿಕೊಂಡೇ ಓಡಿಸಬೇಕು. ಆಗುಂಬೆ ಘಾಟಿಯ ತಿರುವಿನಲ್ಲಿ ಹಾರ್ನ್ ಕೇಳಿ ಎದುರಿನ ಬಸ್ಸನ್ನು ಊಹಿಸುವ ಹಾಗೆ ಇಲ್ಲಿ ಊಹಿಸಲಾಗದು, ಹೆಲ್ಮೆಟ್ಟಿನೊಳಗೆ ನಮ್ಮದೇ ಎಂಜಿನ್ನಿನ ಸದ್ದು ತುಂಬಿರುತ್ತದೆ. ಪ್ರತಿ ತಿರುವಿನ, ಪ್ರತಿ ದಿಬ್ಬದ ಆಚೆ ಒಬ್ಬರು ಬರುತ್ತಿದ್ದಾರೆ ಎಂದೇ ಭಾವಿಸಿ. ಅಲ್ಲಿ ನಿಮ್ಮ ಎಡ ಸ್ಕೀ ನಡುಗೆರೆ ದಾಟಿದ್ದರೆ ಎದುರಿನವರಿಗೆ ಉಳಿಯುವ ಜಾಗ ಕಾಡು ಮಾತ್ರ. ಟ್ರೇಲಿನಲ್ಲಿ ಸೌಜನ್ಯ ಬೇರೆ, ಸುರಕ್ಷತೆ ಬೇರೆ ಎಂದು ನಾನು ಎಂದೂ ಒಪ್ಪುವುದಿಲ್ಲ.

ವೇಗದ ಮಿತಿ ರಾಜ್ಯದಲ್ಲಿ ಗಂಟೆಗೆ 50 ಮೈಲಿ. ಅದು ಗರಿಷ್ಠ ಮಿತಿಯೇ ಹೊರತು ಮುಟ್ಟಲೇಬೇಕಾದ ಗುರಿಯಲ್ಲ; ಹೊಸಬರಿಗೆ ಅದರ ಅರ್ಧವೇ ಸಾಕಷ್ಟು ರಭಸವೆನಿಸುತ್ತದೆ. ರಾತ್ರಿಯ ಲೆಕ್ಕವನ್ನು ನೋಡಿ: 40 ಮೈಲಿ ವೇಗದಲ್ಲಿ ಗಾಡಿ ಸೆಕೆಂಡಿಗೆ ಸುಮಾರು 59 ಅಡಿ ಸಾಗುತ್ತದೆ. ಹೆಡ್‌ಲೈಟ್ 200 ಅಡಿ ತೋರಿಸಿತು ಎಂದುಕೊಂಡರೂ, ಬೆಳಕಿನ ಅಂಚಿನಲ್ಲಿ ಕಂಡ ಜಿಂಕೆಯನ್ನು ಗುರುತಿಸಿ, ಹೆಬ್ಬೆರಳು ಬಿಟ್ಟು, ಬ್ರೇಕ್ ಹಿಡಿದು, ಹಿಮದ ಮೇಲೆ ನಿಲ್ಲಿಸಲು ಮೂರೂವರೆ ಸೆಕೆಂಡಿಗಿಂತ ಕಡಿಮೆ ಸಮಯವಿದೆ. ಮೊದಲ ಸಲ ಹೋಗುವವರು ಕತ್ತಲಾಗುವ ಮೊದಲೇ ಹಿಂದಿರುಗುವಂತೆ ಯೋಜಿಸಿ. ಜನವರಿಯಲ್ಲಿ ನಮ್ಮ ಕಡೆ ಸಂಜೆ ಐದರ ಸುಮಾರಿಗೆ ಸೂರ್ಯ ಮುಳುಗುತ್ತಾನೆ.

ಹಾದಿಯನ್ನು ಸಮ ಮಾಡುವ ಗ್ರೂಮರ್ ಯಂತ್ರ ಎದುರಾದರೆ ಪೂರ್ತಿ ಬಲಕ್ಕೆ ಸರಿದು ನಿಂತು ಅದಕ್ಕೆ ದಾರಿ ಬಿಡಿ. ಅದು ಹಾದಿಯ ಬಹುಭಾಗವನ್ನು ಆಕ್ರಮಿಸುತ್ತದೆ, ಹಿಂದೆ ಎಳೆದು ತರುವ ಭಾರವಾದ ಡ್ರ್ಯಾಗ್ (ಹಿಮವನ್ನು ಸಮ ಮಾಡುವ ಚೌಕಟ್ಟು) ಹಿಮದ ಧೂಳಿನಲ್ಲಿ ಕಾಣುವುದೂ ಇಲ್ಲ. ಸಮ ಮಾಡಿದ ಹಿಮ ಗಟ್ಟಿಯಾಗಲು ಕೆಲವು ಗಂಟೆಗಳು ಬೇಕು. ಆಗತಾನೇ ಮುಗಿದ ಹಾದಿಯಲ್ಲಿ ಹೋಗುವುದು ಅನಿವಾರ್ಯವಾದರೆ ಅಂಚಿನಲ್ಲೇ ಹೋಗಿ. ಇಲ್ಲಿನ ಎಷ್ಟೋ ಹಾದಿಗಳನ್ನು ಕ್ಲಬ್ಬುಗಳ ಸ್ವಯಂಸೇವಕರು ರಾತ್ರಿಯಿಡೀ ಕುಳಿತು ಹದಗೊಳಿಸುತ್ತಾರೆ.

ಉತ್ತರ (ವಿಸ್ಕಾನ್ಸಿನ್‌ನ ಓ ಕ್ಲೇರ್‌ನಿಂದ)

ಡುಲೂತ್‌ನವರು ಹೇಳಿದ್ದಕ್ಕೆ ಗುಂಪಿನ ವಿಚಾರವನ್ನು ಸೇರಿಸುತ್ತೇನೆ. ನಿಮ್ಮಲ್ಲಿ ಎಲ್ಲರೂ ಹೊಸಬರಾದ್ದರಿಂದ ಸಾಧ್ಯವಾದರೆ ಒಬ್ಬ ಗೈಡ್‌ನನ್ನು ಗೊತ್ತು ಮಾಡಿಕೊಳ್ಳಿ, ಆ ಹಣ ವ್ಯರ್ಥವಲ್ಲ. ಮುಂದಾಳು ಅನುಭವಿಯಾಗಿರಬೇಕು, ಅತ್ಯಂತ ಅಳುಕಿರುವವರು ಅವರ ಬೆನ್ನಿಗೇ ಇರಬೇಕು, ಕೊನೆಯಲ್ಲಿ ಧೈರ್ಯಸ್ಥರೊಬ್ಬರು ಇರಬೇಕು. ಪ್ರತಿಯೊಬ್ಬರೂ ತಮ್ಮ ಹಿಂದಿನವರ ಜವಾಬ್ದಾರಿ ಹೊರಬೇಕು: ಹಾದಿ ಕವಲೊಡೆಯುವಲ್ಲಿ ಹಿಂದಿನವರ ದೀಪ ಕಾಣುವವರೆಗೆ ಮುಂದೆ ಹೋಗಬಾರದು. ಹೀಗಿದ್ದರೆ ಹಿಂದೆ ಬಿದ್ದವರು ಗುಂಪನ್ನು ಹಿಡಿಯಲೆಂದು ತಮ್ಮ ಶಕ್ತಿ ಮೀರಿ ಓಡಿಸಬೇಕಾಗುವುದಿಲ್ಲ. ಅಪಘಾತಗಳಿಗೆ ಆ ಧಾವಂತವೇ ದೊಡ್ಡ ಕಾರಣವೆಂದು ನನಗೆ ಅನಿಸಿದೆ.

ಸನ್ನೆಗಳೆಲ್ಲ ಎಡಗೈಯವು, ಬಲಗೈ ಥ್ರಾಟಲ್ (ವೇಗ ಕೊಡುವ ಲಿವರ್) ಬಿಡುವಂತಿಲ್ಲ. ಕೈಯನ್ನು ನೇರ ಮೇಲೆತ್ತಿದರೆ ನಿಲ್ಲುತ್ತೇನೆಂದು ಅರ್ಥ. ಎಡಕ್ಕೆ ನೇರ ಚಾಚಿದರೆ ಎಡ ತಿರುವು. ಮೊಣಕೈ ಮಡಿಸಿ ಅಂಗೈ ಮೇಲೆತ್ತಿದರೆ ಬಲ ತಿರುವು. ಹಾಗೆಯೇ ಮಡಿಸಿ ಮುಷ್ಟಿ ಬಿಗಿದರೆ ಗುಂಪಿನಲ್ಲಿ ನಾನೇ ಕೊನೆಯವನು. ತಿರುವಿನಲ್ಲಿ ಅಥವಾ ಉಬ್ಬುತಗ್ಗಿನಲ್ಲಿ ಮಾತ್ರ ಸನ್ನೆಯ ಗೋಜಿಗೆ ಹೋಗದೆ ಎರಡೂ ಕೈಗಳನ್ನು ಹ್ಯಾಂಡಲ್ ಮೇಲಿಡಿ, ಅದರಿಂದ ಯಾರೂ ನಿಮ್ಮನ್ನು ಒರಟರೆಂದು ತಿಳಿಯುವುದಿಲ್ಲ.

ರಸ್ತೆ ದಾಟುವಾಗ ಪೂರ್ತಿ ನಿಲ್ಲಿಸಿ, ಪೀಠದಿಂದ ಎದ್ದು ನಿಂತು ಎರಡೂ ಕಡೆ ನೋಡಿ, ರಸ್ತೆಗೆ ಲಂಬವಾಗಿ ದಾಟಬೇಕು. ಸ್ಕೀಗಳ ಅಡಿಯಲ್ಲಿ ಕಾರ್ಬೈಡ್ ಪಟ್ಟಿಗಳಿರುತ್ತವೆ. ಅವು ಹಿಮವನ್ನು ಕಚ್ಚಿ ಹಿಡಿಯುತ್ತವೆ, ಡಾಂಬರಿನ ಮೇಲೆ ಕಿರ್ರೆಂದು ಉಜ್ಜುತ್ತ ಜಾರುತ್ತವೆ, ಹ್ಯಾಂಡಲ್ ತಿರುಗಿಸಿದರೂ ಗಾಡಿ ತಕ್ಷಣ ಮಾತು ಕೇಳುವುದಿಲ್ಲ. ಮೊದಲು ದಾಟಿದವರು ಕೈಬೀಸಿ ಹಿಂದಿನವರನ್ನು ಕರೆಯಬಾರದು. ಪ್ರತಿಯೊಬ್ಬರೂ ತಾವೇ ನೋಡಿ ದಾಟಬೇಕು. ವಿಶ್ರಾಂತಿಗೆ ನಿಲ್ಲುವಾಗ ತಿರುವು, ದಿಬ್ಬದ ತುದಿ ಬಿಟ್ಟು ದೂರದವರೆಗೆ ಕಾಣುವ ಕಡೆ ಬಲ ಅಂಚಿನಲ್ಲಿ ಒಂದರ ಹಿಂದೆ ಒಂದು ನಿಲ್ಲಿಸಿ. ಫೋಟೊಗಾಗಿ ಹಾದಿಯ ನಡುವೆ ಗುಂಪುಗೂಡುವವರನ್ನು ಕಂಡರೆ ನನಗೆ ಎದೆ ಝಲ್ಲೆನ್ನುತ್ತದೆ.

ಇನ್ನೊಂದು ಮುಖ್ಯ ವಿಷಯ: ನಮ್ಮ ಕಡೆಯ ಬಹಳಷ್ಟು ಟ್ರೇಲುಗಳು ರೈತರ ಖಾಸಗಿ ಜಮೀನಿನ ಮೇಲೆ, ಅವರ ಅನುಮತಿಯಿಂದ ಹಾದುಹೋಗುತ್ತವೆ. ಹಿಮ ಹೊದ್ದ ಬಯಲು ಖಾಲಿ ಜಾಗದಂತೆ ಕಂಡರೂ ಅದರಡಿಯಲ್ಲಿ ಕುದುರೆ ಮಸಾಲೆ ಎಂಬ ಮೇವಿನ ಬೆಳೆಯೋ ಎಳೆಯ ಪೈನ್ ಸಸಿಗಳೋ ಇರಬಹುದು. ನಾಲ್ವರು ಗುರುತು ಬಿಟ್ಟು ಹೊಲಕ್ಕೆ ನುಗ್ಗಿದರೆ ಮಾಲೀಕರು ಅನುಮತಿ ಹಿಂತೆಗೆದುಕೊಳ್ಳುತ್ತಾರೆ, ಇಡೀ ಹಾದಿ ಎಲ್ಲರಿಗೂ ಮುಚ್ಚುತ್ತದೆ. ಕಿತ್ತಳೆ ಬಣ್ಣದ ಗುರುತುಫಲಕಗಳ ಜಾಡು ಬಿಡಬೇಡಿ.

ಉತ್ತರ (ಒಂಟಾರಿಯೊದ ಸಡ್‌ಬರಿಯಿಂದ)

ಉಡುಪಿನ ಬಗ್ಗೆ ಬರೆಯುತ್ತೇನೆ. ಸೊನ್ನೆಗಿಂತ 18 ಡಿಗ್ರಿ ಸೆಲ್ಸಿಯಸ್ ಕೆಳಗಿರುವ ದಿನ ಗಂಟೆಗೆ 40 ಮೈಲಿ ವೇಗದ ಗಾಳಿಗೆ ಒಡ್ಡಿದ ಚರ್ಮಕ್ಕೆ ಅದು ಸೊನ್ನೆಗಿಂತ 34 ಡಿಗ್ರಿ ಕೆಳಗಿನ ಚಳಿಯಾಗಿ ತಾಗುತ್ತದೆ. ಮೈಗೆ ತಾಗುವ ಬಟ್ಟೆ ಹತ್ತಿಯದಾಗಿರಬಾರದು. ಅದು ಬೆವರನ್ನು ಹೀರಿ ಒದ್ದೆಯಾಗಿಯೇ ಉಳಿಯುತ್ತದೆ. ಉದ್ದನೆಯ ಮಫ್ಲರ್, ದುಪಟ್ಟಾ, ಇಳಿಬಿದ್ದ ಜಡೆ ಯಾವುದೂ ಹೊರಗೆ ಇರಬಾರದು, ಏಕೆಂದರೆ ತಿರುಗುವ ಭಾಗಕ್ಕೆ ಸಿಕ್ಕಿದರೆ ಕುತ್ತಿಗೆಗೇ ಅಪಾಯ. ಕುತ್ತಿಗೆಗೆ ಬಿಗಿಯಾಗಿ ಕೂರುವ ಗವಸು, ಹೆಲ್ಮೆಟ್, ಕನ್ನಡಕ ಸಾಕು. ಎಂಜಿನ್ ನಿಲ್ಲಿಸುವ ಟೆದರ್ ದಾರ ಗಾಡಿಯಲ್ಲಿದ್ದರೆ ಅದನ್ನು ಜಾಕೆಟ್ಟಿಗೆ ತಪ್ಪದೆ ಸಿಕ್ಕಿಸಿಕೊಳ್ಳಿ. ನೀವು ಕೆಳಗೆ ಬಿದ್ದರೆ ದಾರ ಕಳಚಿ ಗಾಡಿ ತಾನೇ ನಿಲ್ಲುತ್ತದೆ. ಮಧ್ಯಾಹ್ನದ ಊಟದ ಜೊತೆ ಬಿಯರ್ ಬೇಡವೇ ಬೇಡ.

ಮರುಪ್ರಶ್ನೆ (ಮಿನಿಯಾಪೊಲಿಸ್‌ನಿಂದ)

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದ. ಹತ್ತಿರದ ಹೆಪ್ಪುಗಟ್ಟಿದ ಕೆರೆಯ ಮೇಲೂ ಓಡಿಸಬಹುದೇ? ಮಗನಿಗೆ ಪ್ರತ್ಯೇಕ ಗಾಡಿ ಕೊಡಬಹುದೇ?

ಉತ್ತರ (ಡುಲೂತ್‌ನಿಂದ)

ಕೆರೆಯನ್ನು ಈ ಸಲ ಬಿಟ್ಟುಬಿಡಿ. ಸ್ನೋಮೊಬೈಲಿಗೆ ಕನಿಷ್ಠ 5ರಿಂದ 7 ಅಂಗುಲ ದಪ್ಪದ ತಿಳಿಯಾದ ಹೊಸ ಮಂಜುಗಡ್ಡೆ ಬೇಕೆಂದು ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆ ಹೇಳುತ್ತದೆ. ಬಿಳಿಯ ಮಂಜುಗಡ್ಡೆಯಾದರೆ ಅದರ ಎರಡರಷ್ಟು. ಆದರೆ ಒಂದೇ ಕೆರೆಯಲ್ಲಿ ತೊರೆ ಸೇರುವ ಬಾಯಿ, ಊಟೆ ಇರುವ ಜಾಗಗಳಲ್ಲಿ ದಪ್ಪ ಬೇರೆಯೇ ಇರುತ್ತದೆ, ಮೇಲಿನ ಹಿಮ ಅದನ್ನು ಮುಚ್ಚಿಟ್ಟಿರುತ್ತದೆ. ಕೊರೆದು ಅಳೆಯದವರು ಅದರ ಮೇಲೆ ಹೋಗಬಾರದು. ಮುಂದೆ ಎಂದಾದರೂ ಹೋಗುವುದಾದರೆ ತೇಲುವ ಸೂಟು ಧರಿಸಿ, ಮಂಜು ಚುಚ್ಚುವ ಮೊಳೆಹಿಡಿಗಳನ್ನು ಕುತ್ತಿಗೆಗೆ ನೇತುಹಾಕಿಕೊಳ್ಳಿ. ನೀರಿಗೆ ಬಿದ್ದರೆ ಬಂದ ದಿಕ್ಕಿಗೇ ತಿರುಗಬೇಕು, ಏಕೆಂದರೆ ಅಲ್ಲಿಯವರೆಗಿನ ಮಂಜುಗಡ್ಡೆ ನಿಮ್ಮ ಭಾರ ತಡೆದಿತ್ತು. ಕಾಲು ಬಡಿಯುತ್ತ ಮೇಲೆ ಬಂದು, ಎದ್ದು ನಿಲ್ಲದೆ ಉರುಳುತ್ತ ದೂರ ಸರಿಯಬೇಕು.

ಮಗನ ವಿಚಾರ ಸ್ಪಷ್ಟವಾಗಿದೆ. ಹದಿನಾಲ್ಕು ತುಂಬದವರು ಇಲ್ಲಿ ಹೆದ್ದಾರಿಯನ್ನಾಗಲಿ ಕೌಂಟಿ ರಸ್ತೆಯನ್ನಾಗಲಿ ತಾವೇ ಓಡಿಸಿಕೊಂಡು ದಾಟುವಂತಿಲ್ಲ, ಪ್ರಮಾಣಪತ್ರವಿದ್ದರೂ ಅಷ್ಟೇ. ಆತ ನಿಮ್ಮ ಹಿಂದೆ ಕುಳಿತು ಬರಲಿ. ಗಾಡಿ ಕಾದಿರಿಸುವಾಗಲೇ ಇಬ್ಬರು ಕೂರುವ ಪೀಠ, ಹಿಂಬದಿಯ ಹಿಡಿಕೆ, ಅವನ ಕಾಲಿಗೆ ಎಟುಕುವ ಪಾದಪಟ್ಟಿ, ಅವನ ತಲೆಯ ಅಳತೆಯ ಹೆಲ್ಮೆಟ್ ಇವೆಯೇ ಎಂದು ಕೇಳಿ ಖಚಿತಪಡಿಸಿಕೊಳ್ಳಿ. ಹದಿನೆಂಟರೊಳಗಿನವರಿಗೆ ಹೆಲ್ಮೆಟ್ ಕಡ್ಡಾಯ.